ವಾದ್ಯ ನಿಲ್ಲಿಸಿದ ಜಾಗ

ಈ ಸಭೆಯ ಅಧ್ಯಕ್ಷತೆ ವಹಿಸಿರುವ ಹಿರಿಯರಾದ ಮರುಳಸಿದ್ದಪ್ಪನವರೇ, ಹೊಸಪೇಟೆಯಿಂದ ಉರಿಬಿಸಿಲಲ್ಲಿ ಬಂದ ಅತಿಥಿಗಳೇ, ಕಂಪ್ಲಿಯ ಅಕ್ಕಿ ಗಿರಣಿಗಳ ಮಾಲೀಕರೇ, ಹಮಾಲರೇ, 'ಜಾಸ್ತಿ ಮಾತಾಡಬ್ಯಾಡ್ರಿ' ಎಂದು ಮುಂದಿನ ಸಾಲಿನಿಂದ ಕಣ್ಣಲ್ಲೇ ಹೇಳುತ್ತಿರುವ ನನ್ನ ಮನೆಯವರೇ, ಸಭಿಕರೇ,

ಗಿರಣಿ ಸಂಘದ ಅಧ್ಯಕ್ಷನಾಗಿ ಗೆದ್ದ ಈ ನಾಗಭೂಷಣನಿಗೆ ಶಾಲು ಹೊದಿಸಿದ್ದೀರಿ. ಈಗ ನಾನು ಭತ್ತದ ಧಾರಣೆ, ಕರೆಂಟ್ ಬಿಲ್ಲು ಅಂತ ಮಾತಾಡಬೇಕು. ಆಡುವುದಿಲ್ಲ. ಸಿಂಹಳದ, ಅಂದರೆ ಈಗಿನ ಶ್ರೀಲಂಕಾದ, ಒಬ್ಬ ರಾಜನ ಬಗ್ಗೆ ಮಾತಾಡುತ್ತೇನೆ. ನಗಬೇಡಿ, ಕಾರಣವಿದೆ.

ಎರಡು ಸಾವಿರ ವರ್ಷಕ್ಕೂ ಹಿಂದೆ ಅಲ್ಲಿನ ರಾಜಧಾನಿ ಅನುರಾಧಪುರವನ್ನು ಎಲಾರನೆಂಬ ರಾಜ ಆಳುತ್ತಿದ್ದ. ಚೋಳರ ನಾಡಿನಿಂದ ಬಂದವನು, ನ್ಯಾಯವಂತ, ಆಗಲೇ ಮುದುಕ. ಅವನ ಮೇಲೆ ದಂಡೆತ್ತಿ ಬಂದವನು ಸಿಂಹಳದ ದುಟ್ಟಗಾಮಣಿ. ಕಡೆಗೆ ಇಬ್ಬರೂ ಆನೆಯೇರಿ ಎದುರುಬದುರಾದರು. ಎಲಾರ ಸತ್ತ. ಗೆದ್ದವನು ಏನು ಮಾಡಿದ? ಡಂಗುರ ಹೊಡೆಸಿ ಜನರನ್ನು ಕರೆಸಿ ಶತ್ರುವಿಗೆ ರಾಜಮರ್ಯಾದೆಯ ಸಂಸ್ಕಾರ ಮಾಡಿದ. ಅಲ್ಲೇ ಸ್ಮಾರಕ ಕಟ್ಟಿಸಿದ. ಆ ಜಾಗ ದಾಟುವಾಗ ವಾದ್ಯ ನಿಲ್ಲಿಸಬೇಕೆಂದು ಕಟ್ಟಳೆ ಮಾಡಿದ. ಆಮೇಲೆ ಬಂದ ರಾಜರೂ ಅದನ್ನು ಪಾಲಿಸಿದರಂತೆ. ದೊಡ್ಡ ಸ್ತೂಪವನ್ನೂ ಕಟ್ಟಿಸಿದ, ಬಿಟ್ಟಿ ದುಡಿಸದೆ ಎಲ್ಲರಿಗೂ ಕೂಲಿ ಕೊಟ್ಟ ಎನ್ನುತ್ತಾರೆ. ಹಮಾಲರು ಚಪ್ಪಾಳೆ ತಟ್ಟುತ್ತಿದ್ದೀರಿ, ಅರ್ಥವಾಯಿತು ಬಿಡಿ. ಆದರೆ ನನಗೆ ಆ ಸ್ತೂಪಕ್ಕಿಂತ ಈ ಕಟ್ಟಳೆಯೇ ದೊಡ್ಡದು. ಎಂಥ ಎದೆ ರೀ ಅವನದು!

ಇದನ್ನು ಹೇಳಿದ್ದು ನನ್ನ ಮಗಳು ಸೌಜನ್ಯ. ಹೊಸಪೇಟೆಯ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಾಳೆ. ಮೊನ್ನೆ ಊಟಕ್ಕೆ ಕೂತಾಗ ಹೇಳಿದಳು. ನಾನು ಕೈಯಲ್ಲಿದ್ದ ತುತ್ತು ಕೈಯಲ್ಲೇ ಹಿಡಿದು ಕೂತುಬಿಟ್ಟೆ.

ಯಾಕೆ? ನಮ್ಮಲ್ಲಿ ಗೆದ್ದವರ ಮೆರವಣಿಗೆ ಹೇಗಿರುತ್ತದೆ ಎಂದು ನಿಮಗೆ ಗೊತ್ತು. ಸೋತವನ ಮನೆ ಮುಂದೆ ನಿಂತು ಹಲಗೆ ಬಾರಿಸಬೇಕು, ಸರಪಟಾಕಿ ಹಚ್ಚಬೇಕು, ಆಗಲೇ ಗೆದ್ದಂತೆ. ಹಿಂದೊಮ್ಮೆ ಇದೇ ಚುನಾವಣೆಯಲ್ಲಿ ನಾನು ಜಡೆಪ್ಪನವರ ಎದುರು ಸೋತೆ. ಬಾಗಿಲು ಹಾಕಿಕೊಂಡು ಒಳಗೆ ಕೂತೆ. ಹಲಗೆ ಸದ್ದು ಹತ್ತಿರ ಬಂತು. ಬಾರಿಸಲಿ ಎಂದು ಹಲ್ಲು ಕಚ್ಚಿದೆ. ನಮ್ಮ ಮನೆ ಮುಂದೆ ಬಂದದ್ದೇ ಸದ್ದು ನಿಂತಿತು. ಬರೀ ಕಾಲ ಸಪ್ಪಳ. ಓಣಿ ದಾಟಿದ ಮೇಲೆ ಮತ್ತೆ ಹಲಗೆ.

ನಾನೇನು ತಿಳಿದುಕೊಂಡೆ ಗೊತ್ತೇ? 'ಇವನ ಮನಿ ಮುಂದ ಹಲಗಿ ಬಾರಿಸೋದೂ ದಂಡ' ಅಂದುಕೊಂಡು ಹೋದರು ಎಂದು! ಅವತ್ತಿನಿಂದ ಅವರ ಮನೆಯ ಮದುವೆಗೆ ಹೋಗಲಿಲ್ಲ. ಎದುರಿಗೆ ಬಂದರೆ ಮುಖ ತಿರುಗಿಸಿದೆ. ಈ ಸಲ ಹಟ ಹಿಡಿದು ಅವರ ಎದುರೇ ಚುನಾವಣೆಗೆ ನಿಂತದ್ದೂ ಆ ಸಿಟ್ಟಿಗೇ. ಮಗಳ ಮಾತು ಕೇಳಿದ ಮೇಲೆ ಹೊಳೆಯಿತು, ಆ ಮನುಷ್ಯ ನನಗೆ ಮರ್ಯಾದೆ ಕೊಟ್ಟಿದ್ದರು. ಇಷ್ಟು ವರ್ಷ ಅದನ್ನು ಅವಮಾನವೆಂದು ಹೊತ್ತು ತಿರುಗಿದವನು ನಾನು.

ಈಗ ಹೊರಗೆ ಹಲಗೆಯವರು ಕಾಯುತ್ತಿದ್ದಾರೆ. ನನ್ನ ಪರ ಓಡಾಡಿದ ಮುರುಗೇಶ್ ಬೆಳಿಗ್ಗೆಯೇ ಬಂದು, "ಅಣ್ಣಾರ, ಜಡೆಪ್ಪಾರ ಮನಿ ಮುಂದ ಅರ್ಧ ತಾಸು ಬಾರಿಸಾಣ್ರಿ, ಭಾಳ ಮಸ್ತ್ ಆಕ್ಕತಿ" ಎಂದ. ಜಡೆಪ್ಪನವರು ಎಪ್ಪತ್ತು ದಾಟಿದವರು. ಸೋತಾಗಿನಿಂದ ಹೊರಗೆ ಬಂದಿಲ್ಲ, ಸರಿಯಾಗಿ ಉಂಡೂ ಇಲ್ಲವೆಂದು ಅವರ ಮನೆಯವರಾದ ಜಂಬಮ್ಮನವರು ಯಾರ ಹತ್ತಿರವೋ ಹೇಳಿ ಕಣ್ಣೀರು ಹಾಕಿದರಂತೆ.

ಮುರುಗೇಶ್, ಅಲ್ಲಿ ಹಲಗೆ ನಿಲ್ಲಬೇಕಪ್ಪ. ಪಟಾಕಿ ಬೇಡವೇ ಬೇಡ. ಆದರೆ ಸುಮ್ಮನೆ ದಾಟಿ ಹೋದರೆ ಅವರೂ ನನ್ನ ಹಾಗೇ ತಪ್ಪು ತಿಳಿದರೆ? ಹಾಕಿದ ಬಾಗಿಲ ಹಿಂದೆ ಕೂತವನಿಗೆ ಏನೇನು ಅನ್ನಿಸುತ್ತದೆ ಎಂದು ನನಗೆ ಗೊತ್ತಿಲ್ಲವೇ? ಅದಕ್ಕೇ ನಾನೇ ಹೋಗಿ ಬಾಗಿಲು ತಟ್ಟುತ್ತೇನೆ. ಹೇಳುವ ಮಾತನ್ನು ಬೆಳಿಗ್ಗೆಯಿಂದ ಬಾಯಿಪಾಠ ಮಾಡಿದ್ದೇನೆ. "ಜಡೆಪ್ಪಣ್ಣಾರ, ಅವತ್ತು ನೀವು ಹಲಗಿ ನಿಲ್ಲಿಸಿದ್ದು ನನಗ ಈಗ ಕೇಳಿಸ್ತ್ರಿ." ಬಾಗಿಲು ತೆಗೆಯದಿದ್ದರೆ ಹೊರಗೇ ನಿಂತು ಹೇಳುತ್ತೇನೆ.

ಭತ್ತದ ಮಾತು ಬಿಟ್ಟು ರಾಜನ ಮಾತು ಹೇಳಿದವನನ್ನು ಸಹಿಸಿಕೊಂಡಿರಿ, ನಿಮಗೆಲ್ಲ ನಾನು ಋಣಿ. ಮೆರವಣಿಗೆ ಮುಗಿದ ಮೇಲೆ ಊಟವಿದೆ. ನಾನು ಬರುವುದು ತಡವಾದರೆ ಕಾಯಬೇಡಿ, ಎರಡು ಎಲೆ ಮಾತ್ರ ಎತ್ತಿಡಿ. ನಮಸ್ಕಾರ.