ಎಡೆಯ ಪಕ್ಕದ ಹಗ್ಗ

ದೀಪ ಸ್ವಲ್ಪ ಸಣ್ಣ ಮಾಡಿ. ಇದು ಎಲ್ಲೋ ಯಾರಿಗೋ ಆದದ್ದಲ್ಲ. ನಮ್ಮ ಕರಿಯಾಕೂ ದ್ವೀಪದಲ್ಲೇ, ನಮ್ಮ ಬೇಲಿಯಾಚೆಯ ಆಲ್ಬನ್‌ಗೆ ಆದದ್ದು. ನಗುವವರು ನಾಳೆ ಬೆಳಕು ಹರಿದ ಮೇಲೆ ನಗಿ.

ಆ ರಾತ್ರಿ ಆಲ್ಬನ್ ತನ್ನ ಸೋದರತ್ತೆ ಇಸ್ಮೇಯ ಮನೆಯಿಂದ ಒಬ್ಬನೇ ಬರುತ್ತಿದ್ದ. ದಾರಿಯಲ್ಲಿ ಬೂರುಗದ ಮರ, ಅದರ ಬುಡದಲ್ಲಿ ಹಳೇ ಬಾವಿ. ಎಲೆ ಅಲುಗುವಷ್ಟೂ ಗಾಳಿಯಿಲ್ಲ. ಬಾವಿ ದಾಟುವಾಗ ಬೆನ್ನ ಹಿಂದೆ ಕೇಳಿತು... ಕಿರ್ರ್... ಕಿರ್ರ್...

ಬಾವಿಯ ರಾಟೆಯಲ್ಲ, ಅದು ಮುರಿದು ವರ್ಷಗಳಾಗಿತ್ತು. ಒದ್ದೆ ಹಗ್ಗವನ್ನು ಯಾರೋ ಬಿಗಿಯಾಗಿ ಹೊಸೆಯುತ್ತಿದ್ದರು. ಒಂದು ಎಳೆ ತಿರುವಿ, ನಿಲ್ಲಿಸಿ, ಮತ್ತೆ ತಿರುವುವ ಸದ್ದು. ದೋಣಿಯವರ ಮನೆಯಲ್ಲಿ ಹುಟ್ಟಿದವನಿಗೆ ಅದು ತಿಳಿಯದೆ ಇರುತ್ತದೆಯೇ? ಅವನು ತಿರುಗಿ ನೋಡಲಿಲ್ಲ. ತಿರುಗಿ ನೋಡುವ ಧೈರ್ಯ ಅವನಲ್ಲಿ ಒಂಬತ್ತು ದಿನದಿಂದ ಇರಲಿಲ್ಲ.

ಒಂಬತ್ತು ದಿನದ ಹಿಂದೆ, ಹೊತ್ತು ಮುಳುಗುವಾಗ, ಅತ್ತೆಯ ಗಂಡ ಎಗ್ಬರ್ಟನ ದೋಣಿ ಬಂಡೆಸಾಲಿನ ಹೊರಗೆ ಇಂಜಿನ್ ಕೆಟ್ಟು ನಿಂತಿತ್ತು. ಒಳಗೆ ಅರ್ಧ ನೀರು. ಆಲ್ಬನ್ ತನ್ನ ದೋಣಿಯನ್ನು ಹತ್ತಿರ ತಂದ. ಎಗ್ಬರ್ಟ್ ತನ್ನದೇ ಹಗ್ಗ ಎಸೆದ.

ಆ ಮನುಷ್ಯನಿಗೆ ಹಗ್ಗವೆಂದರೆ ಪ್ರಾಣ. ಯಾರ ದೋಣಿಯಲ್ಲೇ ಆಗಲಿ, ತುದಿ ಬಿಚ್ಚಿಕೊಂಡ ಹಗ್ಗ ಕಂಡರೆ ಚೆನ್ನಾಗಿ ಬೈದು, ಅಲ್ಲೇ ಕೂತು ಹೊಸೆದು, ಜೇಬಿನಿಂದ ಕೆಂಪು ದಾರದ ಉಂಡೆ ತೆಗೆದು ಸುತ್ತಿ, ದಾರವನ್ನು ಹಲ್ಲಿನಿಂದ ಕಡಿದು ಕೊಡುತ್ತಿದ್ದ. ಎಡಚ. ಅವನ ದಾರದ ಸುತ್ತು ಮಾತ್ರ ಊರವರೆಲ್ಲರ ಸುತ್ತಿಗೆ ಉಲ್ಟಾ.

"ಮೆಲ್ಲಗೆ ಎಳಿ ಮಗಾ. ನೀರು ತುಂಬಿದೆ. ಜೋರಾಗಿ ಓಡಿಸಿದ್ಯೋ, ದೋಣಿ ಮೂತಿ ಮುಳುಗುತ್ತೆ."

"ನಂಗೇ ಪಾಠ ಹೇಳ್ತೀರಾ ಮಾವ?"

"ನಿಮ್ಮಪ್ಪನಿಗೂ ನಾನೇ ಹೇಳಿದ್ದು ಕಣೋ."

ಆಲ್ಬನ್‌ಗೆ ಗೊತ್ತಿತ್ತು. ಆದರೆ ಕತ್ತಲಾಗುವುದರೊಳಗೆ ಬಂಡೆಗಳ ನಡುವಿನ ಕಂಡಿ ದಾಟಬೇಕೆಂಬ ಆತುರ. ಇಂಜಿನ್ ಜೋರು ಮಾಡಿದ. ಹಿಂದಿನಿಂದ ಕೇಳಿತು, "ಮೆಲ್ಲಗೆ, ಆಲ್ಬನ್..." ಕೇಳಿಸಿಕೊಂಡೇ ಇನ್ನೂ ಜೋರು ಮಾಡಿದ. ಎಗ್ಬರ್ಟನ ದೋಣಿಯ ಮೂತಿ ನೀರಿಗೆ ನುಗ್ಗಿತು. ಹಗ್ಗ ಕಿರ್ರೆಂದು ಬಿಗಿದು ಆಲ್ಬನ್‌ನ ದೋಣಿಯ ಹಿಂಬದಿಯನ್ನೂ ಕೆಳಗೆ ಎಳೆಯಿತು. ಮೊಣಕಾಲವರೆಗೆ ನೀರು ಬಂತು. ಅವನು ಮಚ್ಚು ತೆಗೆದು ಒಂದೇ ಏಟಿಗೆ ಹಗ್ಗ ಕಡಿದ.

ಅಷ್ಟಕ್ಕೇ ಆಗಿದ್ದರೆ ಯಾರೂ ಅವನನ್ನು ದೂರುತ್ತಿರಲಿಲ್ಲ. ಆಮೇಲೆ ಕತ್ತಲ ನೀರಿನಿಂದ ಅವನ ಹೆಸರು ಎರಡು ಸಲ ಕೇಳಿತು. ಅವನು ದೋಣಿ ತಿರುಗಿಸಲಿಲ್ಲ. ಹೆದರಿದ್ದ, ಅಷ್ಟೇ.

ದಡಕ್ಕೆ ಬಂದು, ತನ್ನ ದೋಣಿಯಲ್ಲಿ ಉಳಿದಿದ್ದ ಹಗ್ಗದ ತುದಿಯನ್ನು ಮೊಳದುದ್ದ ಬಿಚ್ಚಿ, ಕಲ್ಲಿಗೆ ಉಜ್ಜಿ, ಕಡಿದ ಗುರುತು ಕಾಣದ ಹಾಗೆ ಪೊರಕೆ ಮಾಡಿದ. ಆಮೇಲೆ ಊರಿಗೆ ಹೇಳಿದ: ಹಗ್ಗ ಹರಿದುಹೋಯಿತು, ಮಾವ ಎಲ್ಲೂ ಕಾಣಲಿಲ್ಲ. ಎಲ್ಲರೂ ನಂಬಿದರು. ನಾನೂ ನಂಬಿದೆ. ಹುಡುಕಿ ಹುಡುಕಿ ಸಾಕಾಯಿತು, ಹೆಣವೂ ಸಿಗಲಿಲ್ಲ.

ಒಂಬತ್ತನೇ ದಿನ ಇಸ್ಮೇ ಅತ್ತೆ ಗಂಡನಿಗೆ ಎಡೆ ಇಟ್ಟಳು. ಬಿಳಿ ಬಟ್ಟೆ, ಉಪ್ಪಿಲ್ಲದ ಮೆಕ್ಕೆಜೋಳದ ಮುದ್ದೆ, ತೊಗರಿಕಾಳು, ಸುಟ್ಟ ಮೀನು, ಒಂದು ಲೋಟ ರಮ್ಮು. ಎಡೆಯ ಕೋಣೆಯಲ್ಲಿ ಜೋರಾಗಿ ಮಾತಾಡುವಂತಿಲ್ಲ.

"ಹಗ್ಗ ತಂದ್ಯಾ?" ಅತ್ತೆ ಪಿಸುಗುಟ್ಟಿದಳು.

"ಹರಿದಿರೋದು ಅದು... ಯಾಕತ್ತೆ?"

"ಅವ್ನ ಕೈ ಕೊನೇಲಿ ಮುಟ್ಟಿದ್ದು ಅದೇ ತಾನೆ. ಎಡೆ ಪಕ್ಕ ಇಡು."

ಇಟ್ಟ. ಅತ್ತೆ ಅವನ ಕೆನ್ನೆ ಮುಟ್ಟಿದಳು. "ಎಳೆಯೋಕೆ ನೀನಾದ್ರೂ ಹೋದ್ಯಲ್ಲ ಮಗಾ. ದೇವರು ನಿನ್ನ ಚೆನ್ನಾಗಿಟ್ಟಿರ್ಲಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ನಿಜ ಹೇಳಲು ಬಾಯಿ ತೆರೆದವನು "ಬರ್ತೀನಿ ಅತ್ತೆ" ಅಂದ. ಬೆಳಗಿನವರೆಗೆ ಯಾರೂ ಒಳಗೆ ಹೋಗಬಾರದೆಂದು ಅತ್ತೆ ಕೋಣೆಯ ಬಾಗಿಲು ಹಾಕಿ, ಹೊಸಿಲಿಗೆ ಅಡ್ಡವಾಗಿ ಚಾಪೆ ಹಾಸಿ ಮಲಗಿದಳು. ಇವನು ಹೊರಟುಬಂದ.

ಬಾವಿಯ ಹತ್ತಿರ ಶುರುವಾದ ಆ ಸದ್ದು ಅವನ ಜೊತೆ ಮನೆಗೂ ಬಂತು. ಹಾಸಿಗೆಗೂ ಬಂತು. ಕಿರ್ರ್... ಕಿರ್ರ್... ಕೋಳಿ ಕೂಗುವವರೆಗೆ. ಆಮೇಲೆ ಕಿವಿಯ ಪಕ್ಕದಲ್ಲೇ, ದಾರವನ್ನು ಹಲ್ಲಿನಿಂದ ಕಡಿದ ಹಾಗೆ... ಟಕ್. ಅಲ್ಲಿಗೆ ನಿಂತಿತು.

ಇನ್ನು ತಡೆಯಲಾರೆ ಎಂದು ಎದ್ದು ಅತ್ತೆಯ ಮನೆಗೆ ಓಡಿದ. ಅವನ ಮುಂದೆಯೇ ಅತ್ತೆ ಚಾಪೆ ಸುತ್ತಿ ಬಾಗಿಲು ತೆಗೆದಳು. ಮುದ್ದೆ ಹಾಗೇ ಇತ್ತು. ರಮ್ಮೂ ಹಾಗೇ ಇತ್ತು. ಹಗ್ಗ ಹಾಗಿರಲಿಲ್ಲ. ಬಿಚ್ಚಿದ್ದ ಮೊಳದುದ್ದವೂ ಮತ್ತೆ ಹೊಸೆದುಕೊಂಡು ಬಿಗಿಯಾಗಿತ್ತು. ತುದಿಗೆ ಕೆಂಪು ದಾರ ಸುತ್ತಿತ್ತು. ದಾರದಾಚೆ ಮೂರೂ ಎಳೆ ಒಂದೇ ಮಟ್ಟಕ್ಕೆ ನಿಂತಿದ್ದವು. ಹರಿದ ಹಗ್ಗದಲ್ಲಿ ಒಂದೊಂದು ಎಳೆ ಒಂದೊಂದು ಕಡೆ ಹರಿಯುತ್ತದೆ. ಒಂದೇ ಮಟ್ಟಕ್ಕೆ ನಿಲ್ಲುವುದು ಕಡಿದದ್ದು. ಇದು ನಮ್ಮೂರಲ್ಲಿ ಕೂಸಿಗೂ ಗೊತ್ತು.

ಅತ್ತೆ ಆ ತುದಿಯ ಮೇಲೆ ಹೆಬ್ಬೆರಳು ಆಡಿಸಿದಳು. ಮತ್ತೊಮ್ಮೆ ಆಡಿಸಿದಳು.

"ಅತ್ತೆ, ನಾನು..."

"ಈಗ ಬೇಡ. ಎಡೆ ಆದ್ಮೇಲೆ ಯಾರಾದ್ರೂ ಉಣ್ಣಬೇಕು. ಕೂತ್ಕೋ."

ತಣ್ಣಗಾದ ಸಪ್ಪೆ ಮುದ್ದೆಯನ್ನು ಅವನು ಅಳುತ್ತಾ ಉಂಡ. ತಟ್ಟೆ ಖಾಲಿಯಾಗುವವರೆಗೆ ಅವಳು ಎದುರಿಗೇ ನಿಂತಿದ್ದಳು. ಆಮೇಲೆ ಪಿಸುಗುಟ್ಟಿದಳು.

"ಅವ್ನು ಕೂಗಿದ್ನಾ?"

"ಕೂಗಿದ್ರು ಅತ್ತೆ. ಎರಡು ಸಲ."

ಅವಳು ತಟ್ಟೆ ತೊಳೆಯಲು ಒಳಗೆ ಹೋದಳು. ಅವತ್ತಿನಿಂದ ಇವತ್ತಿನವರೆಗೆ ಅವನೊಡನೆ ಒಂದು ಮಾತೂ ಆಡಿಲ್ಲ.

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ದಾರದ ಉಂಡೆ ಎಗ್ಬರ್ಟನ ಜೇಬಿನಲ್ಲೇ ಸಮುದ್ರಕ್ಕೆ ಹೋಗಿತ್ತು, ಆ ಮನೆಯಲ್ಲಿ ಕೆಂಪು ದಾರ ಒಂದು ಗೇಣೂ ಇರಲಿಲ್ಲ. ಹಗ್ಗ ಇವತ್ತಿಗೂ ಅತ್ತೆಯ ಗೋಡೆಯ ಮೊಳೆಯಲ್ಲಿದೆ. ನಾನೇ ಕೈಯಲ್ಲಿ ಹಿಡಿದು ನೋಡಿದ್ದೇನೆ. ಸುತ್ತು ಉಲ್ಟಾ ಇದೆ.