ಹೋಳಿಗೆಯ ಹೊತ್ತಿನ ಒಪ್ಪಿಗೆ

ಒಂದು ನಾಡಿತ್ತು. ದೊಡ್ಡ ಸರ್ಕಾರ ದೂರದಲ್ಲಿತ್ತು. "ನಿಮ್ಮ ಆಸ್ಪತ್ರೆ, ನಿಮ್ಮ ಖರ್ಚು ನೀವೇ ನೋಡಿಕೊಳ್ಳಿ" ಎಂದು ಅದು ಆ ನಾಡಿಗೇ ಅಧಿಕಾರ ಬಿಟ್ಟುಕೊಟ್ಟಿತ್ತು. ಹಾಗಾಗಿ ಅಲ್ಲೇ ಒಬ್ಬ ಮಂತ್ರಿ, ಅಲ್ಲೇ ಒಂದು ಸಭೆ. ಮಂತ್ರಿ ತಪ್ಪಿದರೆ ಸಭಾಸದರು ಕೇಳಬೇಕು. ಎಂಥ ಒಳ್ಳೆಯ ಏರ್ಪಾಡು, ಅಲ್ಲವೇ?

ಆ ನಾಡಿಗೆ ಮಹಾಮಾರಿ ಬಂತು. ನೋಡಿ, ಜನ ಬರೀ ರೋಗದಿಂದ ಸಾಯಲಿಲ್ಲ, ಆಸ್ಪತ್ರೆಯಲ್ಲಿ ಆಕ್ಸಿಜನ್ ಇಲ್ಲದೆ ಸತ್ತರು. ಕುಲುಮೆ ಕೆಲಸದ ಒಬ್ಬ ಗಟ್ಟಿ ಆಳು, ಆಸ್ಪತ್ರೆಯ ಬಾಗಿಲಲ್ಲಿ, ಆಟೋದಲ್ಲಿ, ಹೆಂಡತಿಯ ತೊಡೆಯ ಮೇಲೇ ಹೋಗಿಬಿಟ್ಟ.

ರೋಗ ಇಳಿದ ಮೇಲೆ ಆ ಹೆಣ್ಣುಮಗಳು ತನ್ನ ಕಡೆಯ ಸಭಾಸದನ ಮನೆಗೆ ಹೋದಳು. "ಯಣ್ಣಾ, ನನಗ ಪರಿಹಾರ ಬ್ಯಾಡ. ದವಾಖಾನ್ಯಾಗ ಆಕ್ಸಿಜನ್ ಯಾಕ ಇರಲಿಲ್ಲ, ಅದೊಂದು ಕೇಳಿ ಹೇಳು."

"ನೀನೂ ಸಭೆಗೆ ಬಾರವಾ ತಂಗಿ. ಆ ಮಂತ್ರಿ ಬೆವರಿಳಿಸ್ತೀನಿ, ನೋಡೀಯಂತ" ಎಂದ ಅವನು. ಕೆಟ್ಟವನಲ್ಲ. ಅವನಿಗೂ ಹೊಟ್ಟೆ ಉರಿದಿತ್ತು.

ಸಭೆಯಲ್ಲಿ ಎದ್ದು ಗುಡುಗಿದ: "ಆಕ್ಸಿಜನ್ ಘಟಕಕ್ಕ ಇಟ್ಟ ಹಣ ಎಲ್ಲಿ ಹೋತು? ಯಾರು ನುಂಗಿದ್ರಿ?"

ಮಂತ್ರಿ ಬೆವರಲಿಲ್ಲ. "ಯಾರೂ ನುಂಗಿಲ್ರಿ. ಈ ಸಭಾಭವನದ ಮುಂದ ಕಮಾನು ಕಟ್ಟೇವಲ್ಲ, ಅದಕ್ಕ ಹಾಕೇವಿ."

"ಯಾರನ್ನ ಕೇಳಿ ಹಾಕಿದ್ರಿ?"

"ನಿಮ್ಮನ್ನ ಕೇಳೇ ಹಾಕೇವ್ರಿ."

ನಿಜವೇ! ಮಾರಿ ಬರುವ ಹಿಂದಿನ ವರ್ಷ ಮಂತ್ರಿ ಖರ್ಚಿನ ಬದಲಾವಣೆಗಳನ್ನೆಲ್ಲ ಒಂದೇ ಉಸಿರಿನಲ್ಲಿ ಓದಿದ್ದ. ಆಕ್ಸಿಜನ್ ಹಣ ಕಮಾನಿಗೆ ಎಂಬುದೂ ಅದರಲ್ಲೇ ಇತ್ತು. ಊಟದ ಹೊತ್ತು. ಪಕ್ಕದ ಕೋಣೆಯಿಂದ ಹೋಳಿಗೆಯ ವಾಸನೆ. ಒಪ್ಪಿಗೆ ಇದ್ದವರು ಮೇಜು ಕುಟ್ಟಬೇಕು, ಅದು ಅಲ್ಲಿನ ಪದ್ಧತಿ. ಎಲ್ಲರೂ ಕುಟ್ಟಿದರು. ಎಲ್ಲರಿಗಿಂತ ಜೋರಾಗಿ ಕುಟ್ಟಿ, ಎಲ್ಲರಿಗಿಂತ ಮೊದಲು ಎಲೆಯ ಮುಂದೆ ಕೂತವನು ಈ ಸಭಾಸದನೇ!

ಅದು ನೆನಪಾಗಿ ಅವನು ಕೂತುಬಿಟ್ಟ. ಮೇಲೆ ಜನ ಕೂರುವ ಜಾಗದಲ್ಲಿ ಆ ಹೆಣ್ಣುಮಗಳು ಎದ್ದು ನಿಂತಳು. "ಯಣ್ಣಾ, ಅಷ್ಟು ಮಂದ್ಯಾಗ ಒಬ್ಬರರ 'ಇದೇನು' ಅಂತ ಕೇಳಲಿಲ್ಲೇನೋ? ಕೇಳಿದ್ರ ನನ್ನ ಗಂಡ ಉಳೀತಿದ್ದ."

"ಅಲ್ಲಿ ಕೂತವರು ಮಾತಾಡಂಗಿಲ್ಲ. ಆಕೀನ್ನ ಹೊರಗ ಕಳಸ್ರಿ. ಮುಂದಿನ ಪ್ರಶ್ನೆ" ಎಂದರು ಸಭಾಪತಿಗಳು. ಅವಳನ್ನು ಹೊರಗೆ ಕಳಿಸಿದರು. ಸಭಾಸದ ತಲೆ ಎತ್ತಲಿಲ್ಲ. ಸಭೆ ಮುಂದುವರಿಯಿತು.

ಛೇ, ಎಂಥ ಜನ ಅನ್ನುತ್ತೀರಿ. ಅನ್ನಬೇಡಿ! ನಿಮ್ಮ ಗ್ರಾಮಸಭೆಯಲ್ಲಿ ಸಹಿ ಹಾಕಿ, ಚಹಾ ಕುಡಿದು, ಓದುವ ಮೊದಲೇ ಮನೆಗೆ ಹೊರಟವರು ಯಾರು? ಸಂಘದ ಸಭೆಯಲ್ಲಿ "ಎಲ್ಲಾರಂಗ ನಾನು" ಎಂದು ಕೈ ಎತ್ತಿದವರು ಯಾರು? ನಮ್ಮ ಮಠದ ಲೆಕ್ಕ ಓದುವಾಗಲೂ ಅಷ್ಟೇ, ನಿಮ್ಮ ಕಣ್ಣೆಲ್ಲ ಪ್ರಸಾದದ ಕೊಪ್ಪರಿಗೆಯ ಮೇಲೆ. ಹೆಣ ಬಿದ್ದ ಮೇಲೆ ಮಾತ್ರ ನಿಮಗೆ ಸಿಟ್ಟು ಬರುತ್ತದೆ. ಆ ಸಿಟ್ಟಿನಿಂದ ಸತ್ತವರು ಎದ್ದು ಬರುತ್ತಾರೆಯೇ?

ಆದ್ದರಿಂದ ತಾಯಂದಿರೇ, ಅಣ್ಣಂದಿರೇ, ಇನ್ನು ಮೇಲೆ ಸಭೆಗೆ ಹೋದರೆ ಕಡೆಯವರೆಗೂ ಕೂತಿರಿ. ತಿಳಿಯದಿದ್ದರೆ "ಇನ್ನೊಮ್ಮೆ ಓದ್ರಿ" ಅನ್ನಿರಿ. ಇದಕ್ಕೆ ಕೊಟ್ಟರೆ ಯಾವುದಕ್ಕೆ ಕಡಿಮೆಯಾಗುತ್ತದೆ, ಕೇಳಿರಿ. ಕೇಳದೆ ಒಪ್ಪಬೇಡಿರಿ. ಹೊತ್ತಾಗುತ್ತದೆ, ಆಗಲಿ. ಅನ್ನ ಆರುತ್ತದೆ, ಆರಲಿ. ಪಕ್ಕದವನು ನಗುತ್ತಾನೆ, ನಗಲಿ. ನೀವು ಕೇಳದೆ ಬಿಟ್ಟದ್ದಕ್ಕೆ ಒಂದು ದಿನ ಯಾರದೋ ಮನೆಯಲ್ಲಿ ಉಸಿರು ನಿಲ್ಲುತ್ತದೆ. ಆ ಮನೆ ನಿಮ್ಮದೇ ಆಗಿರಬಹುದು.