ಷರಾ ಕಲಮಿನ ಪೆನ್ಸಿಲ್ ಬರಹ

ಮಾನ್ಯ ಮಾರ್ಥಮ್ಮನವರೇ, ಶಿವಮೊಗ್ಗೆಯಿಂದ ದಯಮಾಡಿಸಿರುವ ಪಾದ್ರಿಗಳೇ, ಜಡೆ, ಆನವಟ್ಟಿ ಕಡೆಯಿಂದ ಬಸ್ಸು ಹತ್ತಿ ಬಂದಿರುವ ಹಳೆಯ ವಿದ್ಯಾರ್ಥಿಗಳೇ, ಶಿಕಾರಿಪುರದ ಹಿರಿಯರೇ — ಎಲ್ಲರಿಗೂ ನಮಸ್ಕಾರ.

ಮಾರ್ಥಮ್ಮನವರ ಯಜಮಾನರು, ನಮ್ಮ ಶಾಲೆಯ ಜ್ಞಾನಮಿತ್ರ ಮೇಷ್ಟ್ರು ತೀರಿಕೊಂಡು ಇವತ್ತಿಗೆ ಹನ್ನೊಂದು ದಿನ. ಹೆಡ್‌ಮಾಸ್ಟರ್ ಅಂತ ಮೊದಲು ಮಾತಾಡಲು ನನ್ನನ್ನು ಕರೆದಿದ್ದೀರಿ. ಕರೆಯಬಾರದಿತ್ತು. ಬರೆದುಕೊಂಡು ಬಂದ ಭಾಷಣ — ಇಗೋ, ಜೇಬಿನಲ್ಲೇ ಇದೆ. ಸರಳರು, ಸಜ್ಜನರು, ಎಲ್ಲಾ ಇದೆ ಇದರಲ್ಲಿ. ಯಾವುದೂ ಸುಳ್ಳಲ್ಲ. ಆದರೆ ಇದನ್ನು ಓದಿ ಕೂತರೆ ಇವತ್ತೂ ನನಗೆ ನಿದ್ದೆ ಬರುವುದಿಲ್ಲ.

ಹಾಜರಿ ಪುಸ್ತಕದ ಕೊನೆಯಲ್ಲಿ ಷರಾ ಅಂತ ಒಂದು ಕಲಂ ಇರುತ್ತದೆ. ನಾವು ಮೇಷ್ಟ್ರುಗಳು ಅದರಲ್ಲಿ ಏನು ಬರೆಯುತ್ತೇವೆ? 'ತಡವಾಗಿ ಬಂದ.' 'ಸೋಮಾರಿ.' 'ತಂದೆಯನ್ನು ಕರೆಸುವುದು.' ಇಷ್ಟೇ ನಮ್ಮ ಸಾಹಿತ್ಯ. ಜ್ಞಾನಮಿತ್ರ ಮೇಷ್ಟ್ರು ಐದನೇ ಕ್ಲಾಸಿನ ಪುಸ್ತಕದಲ್ಲಿ ಬೇರೇನೋ ಬರೆಯುತ್ತಿದ್ದರು. ದಿನಾ ಒಂದೋ ಎರಡೋ ಹೆಸರಿನ ಮುಂದೆ, ಆ ಮಗುವಿನಲ್ಲಿ ಅವತ್ತು ಕಂಡ ಒಳ್ಳೆಯದು.

ನಾನು ಗದರಿದೆ. "ಏನ್ರೀ ಇದು? ಸರ್ಕಾರಿ ಪುಸ್ತಕ ರೀ, ನಿಮ್ಮ ಡೈರಿ ಅಲ್ಲ!"

ಅವರು ನಕ್ಕರು. "ಸಾರ್, ಸಂಜೆ ಮನೇಲಿ ಪ್ರಾರ್ಥನೆಗೆ ಕೂರ್ತೀವಿ. ಬೇಡ್ಕೊಳ್ಳೋದಕ್ಕೇನು, ಬೇಕಾದಷ್ಟಿರುತ್ತೆ. ಉಪಕಾರ ನೆನೆದು ದೇವರಿಗೆ ಸ್ತೋತ್ರ ಹೇಳೋಕೆ ಅವತ್ತು ಕಂಡದ್ದು ಏನಾದ್ರೂ ಇರಬೇಕಲ್ಲ? ಮರೆತುಹೋಗುತ್ತೆ ಅಂತ ಬರ್ಕೊಳ್ತೀನಿ."

"ಪೆನ್ಸಿಲ್ ಯಾಕೆ?"

"ಸಣ್ಣಗೆ ಬರೀಬಹುದು ಸಾರ್. ಕಲಮಿನ ಒಂದು ಮನೇಲಿ ನಾಲ್ಕು ಸಾಲು ಹಿಡಿಯುತ್ತೆ."

ಎರಡು ವರ್ಷದ ಹಿಂದೆ ಇನ್‌ಸ್ಪೆಕ್ಟರ್ ಸಾಹೇಬರು ಬರುವ ಸುದ್ದಿ ಬಂತು. ನನಗೆ ಬಡ್ತಿಯ ಆಸೆ, ಜೊತೆಗೆ ಹೆದರಿಕೆ. ಅದು ಭಾನುವಾರ. ಪಾದ್ರಿಗಳೇ, ನೀವು ಅವತ್ತು ಊರಿಗೆ ಬಂದಿದ್ದಿರಿ. ಮೇಷ್ಟ್ರ ಮನೆಯಲ್ಲಿ ಆರಾಧನೆ ನಡೆದಿತ್ತು. ಅದೇ ಹೊತ್ತಿಗೆ ನಾನು ಶಾಲೆಯ ಬೀಗ ತೆಗೆದು, ರಬ್ಬರ್ ಹಿಡಿದು ಕೂತೆ. ಏಳು ತಿಂಗಳ ಬರಹ — ಒಂದೊಂದೇ ಪುಟ — ಉಜ್ಜಿ ಉಜ್ಜಿ ಅಳಿಸಿದೆ.

ಇನ್‌ಸ್ಪೆಕ್ಟರು ಬಂದರು. ಪುಸ್ತಕ ತೆರೆಯಲೇ ಇಲ್ಲ. ಟೀ ಕುಡಿದು ಸೊರಬದ ಬಸ್ಸು ಹಿಡಿದರು.

ಮೇಷ್ಟ್ರು ಪುಸ್ತಕ ನೋಡಿ ನನ್ನ ಮೇಜಿನ ಹತ್ತಿರ ಬಂದು ನಿಂತರು. ಜಗಳಕ್ಕೆ ಬಂದರು ಅಂದುಕೊಂಡೆ. "ಎಷ್ಟು ಹೊತ್ತು ಹಿಡೀತು ಸಾರ್?" ಅಂದರು.

"ಮೂರು ಗಂಟೆ."

"ಹಾಗಾದ್ರೆ ಎಲ್ಲಾ ಓದಿದ್ರಿ ಅಂತಾಯ್ತು."

ಕೊಂಕು ಮಾತು ಅಂದುಕೊಂಡು ನಾನು ಸಿಡಿದೆ — "ಹೋಗ್ರೀ, ಕ್ಲಾಸ್ ತಗೊಳ್ಳಿ." ಕೊಂಕಲ್ಲ. ಅವರ ಮುಖದಲ್ಲಿ ನಿಜವಾಗಿ ಸಮಾಧಾನವಿತ್ತು. ನಾನು ಮಾಡಿದ ಆ ಹಾಳು ಕೆಲಸದಲ್ಲೂ ಅವರಿಗೆ ಒಂದು ಒಳ್ಳೆಯದು ಸಿಕ್ಕಿತ್ತು. ಆಮೇಲೆ ಆ ಕಲಮಿನಲ್ಲಿ ಅವರು ಒಂದಕ್ಷರ ಬರೆಯಲಿಲ್ಲ. ಮನೆಯಲ್ಲೂ ನನ್ನ ಮೇಲೆ ದೂರು ಹೇಳಲಿಲ್ಲ. ಹೇಳಿದ್ದರೆ, ಅವರು ಹೋದ ಐದನೇ ದಿನ ಮಾರ್ಥಮ್ಮನವರು ನನ್ನನ್ನು ಹೀಗೆ ಕೇಳುತ್ತಿರಲಿಲ್ಲ: "ಮಕ್ಕಳದ್ದೆಲ್ಲ ಹಾಜರಿ ಪುಸ್ತಕದಲ್ಲಿ ಬರೆದಿಟ್ಟಿದ್ದೀನಿ ಅಂತಿದ್ರು. ಅವರ ಅಕ್ಷರ ನೋಡ್ಬೇಕು ಅನ್ನಿಸ್ತದೆ ರೀ, ಒಂದ್ಸಲ ಕೊಡ್ತೀರಾ?"

ನಾನು ಏನಂದೆ ಗೊತ್ತೇ? "ಪುಸ್ತಕ ಶಿವಮೊಗ್ಗೆ ಆಫೀಸಿಗೆ ಹೋಗಿದೆಯಮ್ಮ."

ಅಮ್ಮಾ — ಪುಸ್ತಕ ಎಲ್ಲಿಗೂ ಹೋಗಿರಲಿಲ್ಲ. ನನ್ನ ಬೀರುವಿನಲ್ಲೇ ಇತ್ತು. ಅದರ ಷರಾ ಕಲಮಿನಲ್ಲಿ ನಿಮ್ಮ ಯಜಮಾನರ ಅಕ್ಷರ ಒಂದೂ ಉಳಿದಿಲ್ಲ. ಅಳಿಸಿದವನು ನಾನು, ಈ ವೀರಬಸಪ್ಪ.

ಹೌದು, ಮೇಷ್ಟ್ರು ಹೇಳಿದ್ದು ಸರಿ, ಅವತ್ತು ಎಲ್ಲಾ ಓದಿದ್ದೆ. ಆರು ದಿನದಿಂದ ಕೂತು ನೆನಪು ಮಾಡಿಕೊಂಡಿದ್ದೇನೆ. ಮುನ್ನೂರರ ಮೇಲಿದ್ದವು. ಹದಿನಾಲ್ಕು ಸಿಕ್ಕಿವೆ. 'ಮುನೀರ್ ಅಹ್ಮದ್ — ಬೆಂಚಿನಲ್ಲಿ ಎದ್ದಿದ್ದ ಮೊಳೆ ಬಡಿದು ಕೂತ, ಯಾರಿಗೂ ಹೇಳಲಿಲ್ಲ.' 'ತುಂಗಮ್ಮ — ಗೆಳತಿಯ ಸ್ಲೇಟು ಒಡೆದದ್ದು ತಾನೇ ಅಂತ ಬಂದು ಒಪ್ಪಿಕೊಂಡಳು.' ಐದನೇ ಕ್ಲಾಸಿನ ಹುಡುಗಿಗೆ ಇದ್ದ ಧೈರ್ಯ, ನೋಡಿ, ನನಗೆ ಬರಲು ಎರಡು ವರ್ಷ ಬೇಕಾಯಿತು. 'ಉಚ್ಚಂಗಪ್ಪ — ಲೆಕ್ಕ ಬರುವುದಿಲ್ಲ. ಅಳುವವರನ್ನು ನಗಿಸುತ್ತಾನೆ.' ಅಗೋ, ಅಲ್ಲಿ ಹಿಂದೆ ನಿಂತು ಅಳುತ್ತಿದ್ದಾನೆ ಉಚ್ಚಂಗಪ್ಪ.

ಈ ಹದಿನಾಲ್ಕನ್ನೂ ಅವೇ ಹೆಸರುಗಳ ಮುಂದೆ ಬರೆದಿದ್ದೇನೆ. ಈ ಸಲ ಶಾಯಿಯಲ್ಲಿ. ಯಾವ ಇನ್‌ಸ್ಪೆಕ್ಟರಾದರೂ ಬರಲಿ. ಆದರೆ ಅಕ್ಷರ ನನ್ನದು ಅಮ್ಮಾ, ಅವರದಲ್ಲ. ಅದನ್ನು ತಂದುಕೊಡಲು ನನ್ನಿಂದ ಆಗುವುದಿಲ್ಲ.

ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಎರಡು ನಿಮಿಷ ಮೌನವಾಗಿರೋಣ. ಆ ಹೊತ್ತಿನಲ್ಲಿ, ಇವತ್ತು ಬೆಳಗಿನಿಂದ ನೀವು ಕಂಡ ಒಂದು ಒಳ್ಳೆಯದನ್ನು ಹುಡುಕಿಕೊಳ್ಳಿ. ಹೋಗುವಾಗ ಅದನ್ನು ಮಾರ್ಥಮ್ಮನವರಿಗೆ ಹೇಳಿ ಹೋಗಿ. ಸಂಜೆ ಅವರು ಒಬ್ಬರೇ ಪ್ರಾರ್ಥನೆಗೆ ಕೂರುತ್ತಾರೆ.

ನೀವು ಹೇಳುವ ಒಳ್ಳೆಯದರಲ್ಲಿ ನನ್ನ ಹೆಸರು ಬೇಡ. ಏಳಿ —